ಮ್ಯಾಪ್ ನಂಬಿ ಹೋದೆ, ಮುಂದಿನ ಚಕ್ರ ಮಾಂಡೋವಿ ಹೊಳಿಯೊಳಗ ಇತ್ತು

ವಾಕಡ್ ಧಾರವಾಡಿ

ನಮಸ್ಕಾರ್ರಿ ಎಲ್ಲಾರಿಗೂ. ಪುಣೆಗೆ ಬಂದು ಹನ್ನೊಂದು ವರ್ಷ ಆತು, ಸ್ಟೀರಿಂಗ್ ಹಿಡಿದು ಹದಿನಾರು. ಮ್ಯಾಪ್ ನೋಡಕೋತ ಹೋಗಿ ಹಳ್ಳಕ್ಕ ಬಿದ್ರು, ಕೆರಿಗೆ ಬಿದ್ರು ಅನ್ನೋ ಸುದ್ದಿ ಓದಿದಾಗೆಲ್ಲ ‘ಇವ್ರಿಗೆ ಕಣ್ಣ ಇರಲಿಲ್ಲೇನು’ ಅಂತ ನಕ್ಕವ ನಾ. ಹೋದ ಮಳಿಗಾಲದಾಗ ಆ ಪಟ್ಟಿಗೆ ನನ್ನ ಹೆಸರೂ ಸೇರತಿತ್ತು.

ಗೋವಾದ ದಿವಾರ್ ನಡುಗಡ್ಡಿಯಾಗ ನನ್ನ ಹೆಂಡತಿ ಗೆಳತಿ ಮನಿ ಅದ. ಬೆಳಗಾವಿ, ಜಾಂಬೋಟಿ ದಾಟಿ ಚೋರ್ಲಾ ಘಾಟ್ ಇಳಿದು ಹಳೆ ಗೋವಾ ಮುಟ್ಟೂದ್ರೊಳಗ ರಾತ್ರಿ ಎಂಟೂವರಿ. ವೈಪರ್ ಜೋರಾಗಿ ಹಾಕಿದ್ರೂ ಗಾಜಿನ ಮ್ಯಾಲೆ ನೀರು ನಿಂತೇ ಇತ್ತು, ಅಂಥಾ ಮಳಿ. ಹಿಂದಿನ ಸೀಟಿನಾಗ ಮಗಳು ಮಲಗಿದ್ಲು ಅಂತ ಮ್ಯಾಪಿನ ದನಿ ಬಂದ್ ಮಾಡಿದ್ದೆ. ಚರ್ಚುಗಳನ್ನ ದಾಟಿ ವೈಸರಾಯ್ ಕಮಾನಿನೊಳಗ ಹೊಕ್ಕೆ. ಅಲ್ಲಿಂದ ಮುಂದ ಬೀದಿ ದೀಪ ಕಡಿಮಿ ಆದ್ವು. ಯಾಕೋ ಸರಿ ಅನಸಲಿಲ್ಲ. ಫೋನ್ ನೋಡಿದೆ, ನೀಲಿ ಗೆರಿ ನೆಟ್ಟಗ ಹೋಗಿತ್ತು. ಮತ್ತೀಟು ಮುಂದ ಹೋದೆ. ಟೈರಿನ ಸಪ್ಪಳ ಬದಲಾತು, ಡಾಂಬರ್ ಮುಗಿದು ಕಾಂಕ್ರೀಟ್ ಬಂತು, ಗಾಡಿ ಮೂತಿ ಕೆಳಗ ಬಾಗಿತು. ಮತ್ತ ಫೋನ್ ನೋಡಿದೆ. ಗೆರಿ ಹಂಗ ನೆಟ್ಟಗ.

ಈಗೂ ನಾಚಿಕಿ ಆಗೂದು ಇದಕ್ಕ. ಎರಡು ಸಲ ಅನುಮಾನ ಬಂತು. ಎರಡೂ ಸಲ ಕಣ್ಣು ಕಿಟಕಿ ಹೊರಗ ಹೋಗಬೇಕಿತ್ತು, ಫೋನಿನೊಳಗ ಹೋತು.

ಬಾನೆಟ್ ಮ್ಯಾಲೆ ಯಾರೋ ಧಡ್ ಅಂತ ಅಂಗೈಲೆ ಹೊಡದ್ರು. ಬ್ರೇಕ್ ಒತ್ತಿದೆ, ಗಾಡಿ ನಿಲ್ಲಲಿಲ್ಲ, ಪಾಚಿ ಮ್ಯಾಲೆ ಒಂದೆರಡು ಅಡಿ ಜಾರಿ ನಿಂತಿತು. ನೀಲಿ ರೇನ್‌ಕೋಟಿನ ಒಬ್ಬ ಮನಷ್ಯಾ ಬ್ಯಾಟರಿ ಹಿಡಿದು ಕೊಂಕಣಿಯಾಗ ಒದರಾಕತ್ತಿದ್ದ. ಅವನ ಬ್ಯಾಟರಿ ಬೆಳಕಿನಾಗ ನೋಡಿದ್ರ ಮುಂದ ಬರೇ ನೀರು. ಮಾಂಡೋವಿ. ನಾ ಇದ್ದದ್ದು ಫೆರಿ (ಗಾಡಿ ದಾಟಿಸೋ ದೋಣಿ) ಕಟ್ಟೆಯ ಇಳಿಜಾರಿನ ಮ್ಯಾಲೆ, ಫೆರಿ ಇದ್ದದ್ದು ಆಚೆ ದಂಡಿಗೆ. ರಿವರ್ಸ್ ಹಾಕಿದ್ರ ಚಕ್ರ ಬರೇ ತಿರಗತಿತ್ತು. ನಾಕು ಮಂದಿ ಬಂದು ದಬ್ಬಿದ್ರು.

ಇನ್ನ ಕೇಳ್ರಿ. ಹತ್ತು ನಿಮಿಷಕ್ಕ ಫೆರಿ ಬಂತು, ಅದ ಫೆರಿ ಹತ್ತಿ ಅದ ದಾರಿಲೆ ದಿವಾರ್‌ಗೆ ಹೋದ್ವಿ. ಅಂದ್ರ ಮ್ಯಾಪ್ ತಪ್ಪ ಹೇಳಿದ್ದಿಲ್ಲ. ಮರುದಿನ ಹಗಲಿನಾಗ ವಾಪಸ್ ಬರುವಾಗ ಇಳಿದು ನೋಡಿದೆ. ಫಲಕ ಇತ್ತು. ಫೆರಿ ವೇಳೆ ಬರೆದದ್ದು ಇತ್ತು. ಎಲ್ಲಾ ಇತ್ತು.

ಇದರಾಗ ತಪ್ಪು ಯಾರ್ದು ಅಂತ ಮನ್ಯಾಗ ಇನ್ನೂ ವಾದ ನಡದದ. ನಿಮ್ಮ ಅಭಿಪ್ರಾಯ ಹೇಳ್ರಿ. ಬೈಯೂದಿದ್ರ ಬೈರಿ.


ಡೊಂಬಿವಲಿ ಕರಾವಳಿ

ಬೈಯುವುದು ಎಂತಕ್ಕೆ ಮಾರಾಯ್ರೆ, ಮೊದಲು ದೇವರಿಗೊಂದು ತೆಂಗಿನಕಾಯಿ ಒಡೆಯಿರಿ.

ನಿಮ್ಮ ಹಾಗೆಯೇ ನಮ್ಮ ನವಿ ಮುಂಬೈನಲ್ಲಿ ಆದದ್ದು ಪೇಪರಿನಲ್ಲಿ ಬಂದಿತ್ತು. 2025ರ ಜುಲೈ, ನಡುರಾತ್ರಿ ಕಳೆದ ಹೊತ್ತು. ಉಲ್ವೆ ಕಡೆಗೆ ಹೊರಟ ಮಹಿಳೆಯೊಬ್ಬರು ಬೇಲಾಪುರದಲ್ಲಿ ಸೇತುವೆ ಹತ್ತುವ ಬದಲು ಸೇತುವೆ ಕೆಳಗಿನ ರಸ್ತೆ ಹಿಡಿದರು. ಆ ರಸ್ತೆ ಜೆಟ್ಟಿಗೆ ಹೋಗಿ ಮುಗಿಯುತ್ತದೆ. ಕಾರು ಸೀದಾ ಖಾಡಿಗೆ, ಅಂದರೆ ಸಮುದ್ರದ ಹಿನ್ನೀರಿಗೆ. ಅಲ್ಲೇ ಸಮುದ್ರ ಕಾವಲಿನ ಪೊಲೀಸರು ಇದ್ದರು, ಎತ್ತಿದರು, ಜೀವ ಉಳಿಯಿತು. ಅವರೂ ಗೂಗಲ್ ಮ್ಯಾಪ್ಸ್ ನೋಡುತ್ತಾ ಹೋದದ್ದಂತೆ.

ನಾನು ಆ ಜಾಗದಲ್ಲಿ ಹಗಲು ಹೋಗಿದ್ದೇನೆ. ಮೇಲಿನ ರಸ್ತೆಯೂ ಕೆಳಗಿನ ರಸ್ತೆಯೂ ಫೋನಿನಲ್ಲಿ ಒಂದರ ಮೇಲೊಂದು ಅಂಟಿಕೊಂಡ ಹಾಗೆ ಕಾಣುತ್ತದೆ. ಮುಂಬೈನಲ್ಲಿ ಇದು ದಿನದ ಪಾಡು. ಫ್ಲೈಓವರ್ ಹತ್ತಬೇಕಾ, ಬದಿಯಲ್ಲಿ ಹೋಗಬೇಕಾ ಎಂದು ಗೊತ್ತಾಗುವ ಹೊತ್ತಿಗೆ ನೀವು ಹತ್ತಿ ಆಗಿರುತ್ತದೆ.


ಮಾಟುಂಗಾ ಅಜ್ಜ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನೆಲದ ಬದಲು ಈಗ ಫೋನು, ಅಷ್ಟೇ ವ್ಯತ್ಯಾಸ.

1980ರ ದಶಕದಲ್ಲಿ ನಾನು ಫಿಯೆಟ್ ಕಾರಿನಲ್ಲಿ ಮುಂಬೈಯಿಂದ ಉಡುಪಿಗೆ ಹೆಂಡತಿ, ಮೂರು ಮಕ್ಕಳು, ಒಂದು ಉಪ್ಪಿನಕಾಯಿ ಭರಣಿ ಸಮೇತ ವರ್ಷಕ್ಕೊಮ್ಮೆ ಹೋಗುತ್ತಿದ್ದೆ. ಆಗ ಅದು ಎನ್‌ಎಚ್ 17, ಈಗ 66. ಹಳದಿ ತಲೆಯ ಕಲ್ಲು ಕಂಡರೆ ರಾಷ್ಟ್ರೀಯ ಹೆದ್ದಾರಿ, ಹಸಿರು ತಲೆ ಕಂಡರೆ ದಾರಿ ತಪ್ಪಿದ್ದೇವೆ ಎಂದು ಅರ್ಥ. ಕತ್ತಲಾದ ಮೇಲೆ ಗೊತ್ತಿಲ್ಲದ ರಸ್ತೆಗೆ ಇಳಿಯುತ್ತಿರಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ಕೇಳುತ್ತಿದ್ದೆವು. ಕೇಳಿದರೆ ಮಾನ ಹೋಗುತ್ತದೆ ಎಂದು ಈಗಿನವರಿಗೆ ಯಾರು ಹೇಳಿಕೊಟ್ಟರೋ.

ಧಾರವಾಡದವರೇ, ಹೆಡ್‌ಲೈಟ್ ಎಷ್ಟು ದೂರ ಬೆಳಗುತ್ತದೋ ಅಷ್ಟರೊಳಗೆ ನಿಲ್ಲಿಸಲು ಆಗದ ವೇಗದಲ್ಲಿ ನೀವು ಇದ್ದಿರಿ. ತಪ್ಪು ನಿಮ್ಮದು. ವಾದ ಮುಗಿಯಿತು.


ಫೋಂಡಾ ಬಾಡಿಗಿ ಗಾಡಿ

ಅಜ್ಜಾರ, ನಿಮ್ಮ ಮಾತು ಅರ್ಧ ಒಪ್ಪತೀನ್ರಿ. ನಾ ಬಾದಾಮಿ ಕಡೆಯವ, ಗೋವಾದಾಗ ಹದಿನಾಲ್ಕು ವರ್ಷದಿಂದ ಬಾಡಿಗಿ ಓಡಸ್ತೀನಿ. ಮ್ಯಾಪ್ ಇಲ್ಲದ ನಮ್ಮ ಹೊಟ್ಟಿ ತುಂಬೂದಿಲ್ಲ. ಗಿರಾಕಿ ಲೊಕೇಶನ್ ಕಳಸ್ತಾನ, ‘ಆಲದ ಮರದ ಎಡಕ್ಕ’ ಅಂತ ಹೇಳೂದಿಲ್ಲ.

ಆದ್ರ ಘಾಟ್ ದಾರಿಗೆ ಬ್ಯಾರೆನ ಲೆಕ್ಕ. 2024ರ ಡಿಸೆಂಬರಿನಾಗ ಬಿಹಾರದ ಒಂದು ಕುಟುಂಬ ಗೋವಾಕ್ಕ ಹೊಂಟಿತ್ತು. ಗೂಗಲ್ ಮ್ಯಾಪ್ಸ್ ಅವ್ರನ್ನ ಖಾನಾಪುರದ ಹತ್ರ ಹೆದ್ದಾರಿ ಬಿಡಿಸಿ ಭೀಮಗಡ ಕಾಡಿನೊಳಗ ಹೊಗಿಸಿತು. ರಾತ್ರಿ, ದಾರಿ ಇಲ್ಲ, ಸಿಗ್ನಲ್ ಇಲ್ಲ. ಕಾರಿನೊಳಗ ರಾತ್ರಿ ಕಳದ್ರು. ಮುಂಜಾನಿ ಸುಮಾರು ನಾಕು ಕಿಲೋಮೀಟರ್ ನಡದ ಮ್ಯಾಲೆ ಸಿಗ್ನಲ್ ಸಿಕ್ಕು 112ಕ್ಕ ಫೋನ್ ಮಾಡಿದ್ರು. ಬೆಳಗಾವಿ ಪೊಲೀಸ್ರು ಹುಡುಕಿ ಹೊರಗ ತಂದ್ರು. ಕರಡಿ, ಕಾಡೆಮ್ಮಿ ಓಡಾಡೋ ಜಾಗ ಅದು.

ಅವ್ರು ಮಾಡಿದ ತಪ್ಪ ನಾ ದಿನಾ ನೋಡ್ತೀನಿ. ಹತ್ತು ನಿಮಿಷ ಉಳಿತದ ಅಂತ ತೋರಿಸಿದ್ರ ಸಾಕು, ಒತ್ತತಾರ. ಹೆದ್ದಾರಿಯಾಗ ಲಾರಿ, ಬಸ್ಸು, ಹಾಲಿನ ಗಾಡಿ ಎಲ್ಲಾ ಒಂದು ಕಡೆ ಹೊಂಟಾವ, ನೀ ಒಬ್ಬನ ಬ್ಯಾರೆ ಕಡೆ ಹೊಂಟೀದಿ ಅಂದ್ರ ಏನರ ಅದ ಅಂತ ತಿಳೀಬೇಕು. ರಾತ್ರಿ ಗೋವಾ ದಾರಿಯಾಗ ನನ್ನ ಮುಂದ ಬಸ್ಸು ಇಲ್ಲಂದ್ರ ನಾ ಆ ದಾರಿ ಹಿಡ್ಯಾಂಗಿಲ್ಲ. ಗೋವಾದ ಕದಂಬ ಬಸ್ಸು ಅಥವಾ ನಮ್ಮ ವಾಯವ್ಯ ಕರ್ನಾಟಕ ಬಸ್ಸು ಹೋಗೋ ರಸ್ತೆ ಅಂದ್ರ ರಸ್ತೆ.


ನಕ್ಷೆಗೆರೆ

ನಾನು ಔಂಧ್‌ನಲ್ಲಿ ಕೂತು ನಕ್ಷೆ ದತ್ತಾಂಶದ ಕೆಲಸ ಮಾಡಿದವಳು (ಯಾವ ಕಂಪನಿ ಎಂದು ಕೇಳಬೇಡಿ, ಈಗ ಬಿಟ್ಟಿದ್ದೇನೆ). ಒಳಗೆ ಏನಾಗುತ್ತದೆ ಎಂದು ಸ್ವಲ್ಪ ಹೇಳಿದರೆ ಚರ್ಚೆಗೆ ಅನುಕೂಲ ಆಗಬಹುದು.

ಆ್ಯಪ್‌ಗೆ ರಸ್ತೆ ಎಂದರೆ ಎರಡು ಬಿಂದುಗಳ ನಡುವಿನ ಗೆರೆ. ಆ ಗೆರೆಗೆ ಒಂದಷ್ಟು ಗುಣಗಳು: ಏಕಮುಖವೇ, ಕಾರಿಗೆ ಅನುಮತಿ ಇದೆಯೇ, ಸಾಮಾನ್ಯ ವೇಗ ಎಷ್ಟು. ಫೆರಿ ಕೂಡ ಅದರ ಲೆಕ್ಕದಲ್ಲಿ ಒಂದು ಗೆರೆಯೇ. ಕಡಿಮೆ ಸಮಯ ಹಿಡಿಯುವ ಗೆರೆಗಳನ್ನು ಜೋಡಿಸುವುದು ಅದರ ಕೆಲಸ. ಧಾರವಾಡದವರಿಗೆ ಅದು ಖಂಡಿತ ‘ಫೆರಿ ಹತ್ತಿ’ ಎಂದು ಹೇಳಿರಬೇಕು. ದನಿ ಬಂದ್ ಮಾಡಿದ್ದೆ ಎಂದು ನೀವೇ ಬರೆದಿದ್ದೀರಿ.

ಟ್ರಾಫಿಕ್ ಬಣ್ಣ ಬರುವುದು ಬಹುಪಾಲು ನಮ್ಮ ನಮ್ಮ ಫೋನುಗಳಿಂದ. ನೂರು ಫೋನುಗಳು ನಿಧಾನವಾದರೆ ಕೆಂಪು. ಆದರೆ ಒಂದು ರಸ್ತೆಯಲ್ಲಿ ಯಾರ ಫೋನೂ ಇಲ್ಲದಿದ್ದರೆ? ಅದು ಖಾಲಿ ರಸ್ತೆಯೂ ಆಗಿರಬಹುದು, ಕುಸಿದು ಹೋದ ರಸ್ತೆಯೂ ಆಗಿರಬಹುದು. ಮುಚ್ಚಿದೆ ಎಂದು ಯಾರಾದರೂ ತಿಳಿಸುವ ತನಕ ಎರಡಕ್ಕೂ ಭೇದ ಕಾಣುವುದು ಕಷ್ಟ.

ಫ್ಲೈಓವರ್ ವಿಷಯ: ಮೇಲಿನ ರಸ್ತೆಗೂ ಕೆಳಗಿನದಕ್ಕೂ ಅಕ್ಷಾಂಶ ರೇಖಾಂಶ ಒಂದೇ. ಜಿಪಿಎಸ್ ಎತ್ತರ ಹೇಳುವುದರಲ್ಲಿ ಮೊದಲೇ ದುರ್ಬಲ. 2024ರ ಜುಲೈನಲ್ಲಿ ಗೂಗಲ್ ಭಾರತದ 40 ನಗರಗಳಲ್ಲಿ ಮುಂದೆ ಫ್ಲೈಓವರ್ ಇದೆ ಎಂದು ಮುಂಚೆಯೇ ಹೇಳುವ ಸೌಲಭ್ಯ ತಂದಿತು. ಕಿರಿದಾದ ರಸ್ತೆ ತಪ್ಪಿಸುವ ಸೌಲಭ್ಯವೂ ಆಗಲೇ ಬಂತು, ಮೊದಲ ಹಂತದಲ್ಲಿ ಎಂಟು ನಗರಗಳಿಗೆ. ಬೆಂಗಳೂರು ಆ ಪಟ್ಟಿಯಲ್ಲಿತ್ತು, ಪುಣೆ, ಮುಂಬೈ ಇರಲಿಲ್ಲ. ಸದಾಶಿವ ಪೇಠೆಯ ಗಲ್ಲಿಗಳಲ್ಲಿ ಕಾರು ಸಿಕ್ಕಿಸಿಕೊಂಡವರಿಗೆ ಇದು ಎಷ್ಟು ಅನ್ಯಾಯ ಎಂದು ಗೊತ್ತು!

ನನ್ನನ್ನು ಆಗಲೂ ಕಾಡುತ್ತಿದ್ದ ಸಂಗತಿ ಬೇರೆ. ದಿನಕ್ಕೆ ಸಾವಿರಾರು ವಾಹನ ಓಡುವ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ‘ನೇರ ಹೋಗಿ’ ಎನ್ನುವ ದನಿ ಮತ್ತು ವರ್ಷಕ್ಕೊಮ್ಮೆ ಯಾರೋ ಹೋದ ಹೊಲದ ದಾರಿಯಲ್ಲಿ ‘ನೇರ ಹೋಗಿ’ ಎನ್ನುವ ದನಿ ಒಂದೇ. ಅದೇ ಏರಿಳಿತ, ಅದೇ ನೀಲಿ ಬಣ್ಣ. ಹಳ್ಳಿಯವರನ್ನು ದಾರಿ ಕೇಳಿದರೆ ‘ಹೋಗ್ತದೆ ಅನ್ಸುತ್ತೆ, ಮುಂದೆ ಇನ್ನೊಬ್ರನ್ನ ಕೇಳಿ’ ಅನ್ನುತ್ತಾರಲ್ಲ, ಆ ‘ಅನ್ಸುತ್ತೆ’ ಆ್ಯಪ್‌ಗೆ ಬರುವುದಿಲ್ಲ.


ಮಾಟುಂಗಾ ಅಜ್ಜ

ಈ ಹುಡುಗಿ ಹೇಳಿದ್ದು ಸರಿಯಾಗಿದೆ. ಆದರೂ ತಪ್ಪು ಚಾಲಕನದ್ದೇ.


ಶಿವಾಜಿನಗರ ಕರಿಕೋಟು

ವಕೀಲನಾಗಿ ಎರಡು ಮಾತು.

ಕಾನೂನಿನಲ್ಲಿ ‘ಮ್ಯಾಪ್ ಹೇಳಿತು’ ಎನ್ನುವುದು ಸಮರ್ಥನೆ ಆಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಅಪಾಯಕಾರಿ ಚಾಲನೆಯದ್ದು. 2019ರ ತಿದ್ದುಪಡಿಯ ನಂತರ ಅದರಲ್ಲಿ ಫೋನ್ ಕೈಯಲ್ಲಿ ಹಿಡಿದು ಓಡಿಸುವುದು, ಸಂಚಾರಕ್ಕೆ ವಿರುದ್ಧ ದಿಕ್ಕಿನಲ್ಲಿ ಹೋಗುವುದು, ಕೆಂಪು ದೀಪ ದಾಟುವುದು ಎಲ್ಲ ಹೆಸರಿಟ್ಟು ಸೇರಿದೆ. ಮೊದಲ ಸಲಕ್ಕೆ 6 ತಿಂಗಳಿಂದ 1 ವರ್ಷ ಜೈಲು, ಇಲ್ಲವೇ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಹಾಗಾದರೆ ಮ್ಯಾಪ್ ನೋಡುವುದೇ ಅಪರಾಧವೇ? ಅಲ್ಲ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮದಲ್ಲಿ ದಾರಿ ನೋಡುವುದಕ್ಕೆ ಮಾತ್ರ ಸಾಧನ ಬಳಸಬಹುದು ಎಂದಿದೆ. ಚಾಲಕನ ಏಕಾಗ್ರತೆಗೆ ಭಂಗ ಬರಬಾರದು ಎಂಬ ಷರತ್ತು ಜೊತೆಗೇ ಇದೆ. ಆ ಷರತ್ತಿನಲ್ಲೇ ಎಲ್ಲ ಅಡಗಿದೆ. ಹೋಲ್ಡರಿನಲ್ಲಿ ಇದ್ದರೆ ಒಂದು ಕತೆ, ಸ್ಟೀರಿಂಗ್ ಮೇಲೆ ಹೆಬ್ಬೆರಳಲ್ಲಿ ಜೂಮ್ ಮಾಡುತ್ತಿದ್ದರೆ ಇನ್ನೊಂದು.

ಯಾರಾದರೂ ಸತ್ತರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ. ನಿರ್ಲಕ್ಷ್ಯದಿಂದಾದ ಸಾವಿಗೆ ಹಳೆಯ ಐಪಿಸಿಯಲ್ಲಿ ಗರಿಷ್ಠ 2 ವರ್ಷ ಇತ್ತು, 2024ರ ಜುಲೈ 1ರಿಂದ 5 ವರ್ಷ. ಕಟಕಟೆಯಲ್ಲಿ ನಿಲ್ಲುವುದು ಫೋನ್ ಅಲ್ಲ.

ಆದರೆ ಅಜ್ಜ, ವಾದ ಅಲ್ಲಿಗೇ ಮುಗಿಯುವುದಿಲ್ಲ. ಅದೇ 2019ರ ತಿದ್ದುಪಡಿ 198ಎ ಎಂಬ ಹೊಸ ಕಲಂ ತಂದಿತು. ರಸ್ತೆ ಕಟ್ಟುವವರು, ನೋಡಿಕೊಳ್ಳುವವರು ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ 1 ಲಕ್ಷದವರೆಗೆ ದಂಡ. ಮೊತ್ತ ಹಾಸ್ಯಾಸ್ಪದ, ಒಪ್ಪುತ್ತೇನೆ. ಹೊಣೆ ಇದೆ ಎಂದು ಬರೆದದ್ದಾದರೂ ಆಯಿತು.


ಖಾರ್ಘರ್ ವಾರಕ್ಕೆರಡು ಸಲ

ಬರೇಲಿಯದ್ದನ್ನು ಯಾರೂ ಎತ್ತಲಿಲ್ಲ. 2024ರ ನವೆಂಬರ್ 24, ಉತ್ತರ ಪ್ರದೇಶ. ಮದುವೆಗೆ ಹೊರಟಿದ್ದ ಮೂವರು ರಾಮಗಂಗಾ ನದಿಯ ಸೇತುವೆ ಹತ್ತಿದರು. ಪ್ರವಾಹದಲ್ಲಿ ಸೇತುವೆಯ ಒಂದು ಭಾಗ ಮೊದಲೇ ಕೊಚ್ಚಿ ಹೋಗಿತ್ತು. ಅಡ್ಡಗಟ್ಟೆ ಇರಲಿಲ್ಲ. ಮ್ಯಾಪಿನಲ್ಲಿ ಸೇತುವೆ ಇಡಿಯಾಗಿತ್ತು. ಮೂವರೂ ಹೋದರು. ಪೊಲೀಸರು ಲೋಕೋಪಯೋಗಿ ಇಲಾಖೆಯ ಎಂಜಿನಿಯರ್‌ಗಳ ಮೇಲೂ ಗೂಗಲ್ ಮ್ಯಾಪ್ಸ್‌ನ ಅಧಿಕಾರಿಯೊಬ್ಬರ ಮೇಲೂ ಕೇಸು ಹಾಕಿದರು.

ಅಜ್ಜ, ಅಲ್ಲಿ ಚಾಲಕ ಏನು ಮಾಡಬೇಕಿತ್ತು? ಸೇತುವೆ ಹತ್ತಿದವನು ಅದು ಇನ್ನೊಂದು ದಡ ಮುಟ್ಟುತ್ತದೆ ಎಂದು ನಂಬುವುದೂ ತಪ್ಪೇ?


ಮಾಟುಂಗಾ ಅಜ್ಜ

ಇಲ್ಲ. ಅದು ತಪ್ಪಲ್ಲ. ಅಲ್ಲಿ ಮಾತ್ರ ನನ್ನ ಮಾತು ಹಿಂತೆಗೆದುಕೊಳ್ಳುತ್ತೇನೆ. ಒಡೆದ ಸೇತುವೆಗೆ ನಾಲ್ಕು ಕಲ್ಲು, ಎರಡು ಡ್ರಮ್ಮು ಅಡ್ಡ ಇಡದವನನ್ನು ಮೊದಲು ಹಿಡಿಯಬೇಕು. ಕಲ್ಲು ಇಡಲು ಉಪಗ್ರಹ ಬೇಡ.


ಡೊಂಬಿವಲಿ ಕರಾವಳಿ

ಅಜ್ಜ ಹಿಂದೆ ಸರಿದದ್ದನ್ನು ನಾನು ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಂಡಿದ್ದೇನೆ.

ನಮ್ಮ ಮಹಾರಾಷ್ಟ್ರದ್ದೇ ಇನ್ನೊಂದು. 2021ರ ಜನವರಿಯಲ್ಲಿ ಪುಣೆಯ ಮೂವರು ಕಳಸೂಬಾಯಿ ಚಾರಣಕ್ಕೆ ಹೊರಟವರು ಅಕೋಲೆ ಹತ್ತಿರ ರಾತ್ರಿ ಅಣೆಕಟ್ಟೆಯ ಹಿನ್ನೀರಿಗೆ ಹೋದರು. ಅಲ್ಲಿಯ ಸೇತುವೆ ವರ್ಷದಲ್ಲಿ ಕೆಲವು ತಿಂಗಳು ನೀರಿನ ಅಡಿಯಲ್ಲಿ ಇರುತ್ತದೆ. ಊರವರಿಗೆ ಗೊತ್ತು, ಹೊರಗಿನವರಿಗೆ ಗೊತ್ತಿಲ್ಲ. ಇಬ್ಬರು ಈಜಿ ದಡ ಸೇರಿದರು, ಓಡಿಸುತ್ತಿದ್ದವರು ಹೋದರು. ಹಗಲು ಕಂಡ ಬಾವಿಗೆ ಇರುಳು ಬಿದ್ದ ಹಾಗೆ ಎನ್ನುತ್ತೇವೆ. ಪಾಪ, ಇವರು ಹಗಲು ಕಂಡೇ ಇರಲಿಲ್ಲ.

ಒಂದೇ ರಸ್ತೆ ಜೂನ್‌ನಲ್ಲಿ ರಸ್ತೆ, ಜನವರಿಯಲ್ಲಿ ಕೆರೆ. ಇದನ್ನು ಆ ಗೆರೆಯಲ್ಲಿ ಬರೆಯುವುದು ಹೇಗೆ, ನಕ್ಷೆಗೆರೆಯವರೇ?


ನಕ್ಷೆಗೆರೆ

ಬರೆಯಬಹುದು, ಕಾಲಕ್ಕೆ ತಕ್ಕ ನಿರ್ಬಂಧ ಹಾಕಲು ಬರುತ್ತದೆ. ಆದರೆ ಗೇಟು ತೆರೆದು ನೀರು ಬಿಡುವವರು ಯಾರಿಗಾದರೂ ತಿಳಿಸಬೇಕಲ್ಲ. ತಹಶೀಲ್ದಾರ್ ಕಚೇರಿಯ ನೋಟಿಸ್ ಬೋರ್ಡಿನಲ್ಲಿ ಅಂಟಿಸಿದ ಕಾಗದ ನಮ್ಮ ತನಕ ಬರುವುದಿಲ್ಲ. ಮರಾಠಿ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬಂದದ್ದನ್ನು ನೋಡಿ ನಾನೇ ಒಂದೆರಡು ಸಲ ರಸ್ತೆ ಮುಚ್ಚಿದ್ದುಂಟು. ಅದು ನನ್ನ ಕೆಲಸದ ಭಾಗವೇ ಅಲ್ಲ, ಬಸ್ಸಿನಲ್ಲಿ ಪತ್ರಿಕೆ ಓದುವ ಚಟ ಇತ್ತು ಅಷ್ಟೇ.


ಖಾರ್ಘರ್ ವಾರಕ್ಕೆರಡು ಸಲ

ನೀರಿಗೆ ಬೀಳುವುದು ಸುದ್ದಿ ಆಗುತ್ತದೆ. ದಿನಾ ಕೊಲ್ಲುವುದು ಬೇರೆ, ಅದು ಸುದ್ದಿಯಲ್ಲೂ ‘ಮ್ಯಾಪ್’ ಎಂದು ಬರುವುದಿಲ್ಲ.

ನಾನು ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಓಡಾಡುವವನು. 94.5 ಕಿಲೋಮೀಟರ್, ಅದರಲ್ಲಿ ಘಾಟ್ ಬಿಟ್ಟರೆ ಕಾರುಗಳಿಗೆ 100ರ ಮಿತಿ. 100ರಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ‘ಎಕ್ಸಿಟ್ ಎಷ್ಟು ದೂರ’ ಎಂದು ಎರಡು ಸೆಕೆಂಡು ಫೋನ್ ನೋಡಿದರೆ 55 ಮೀಟರ್ ಕಣ್ಣು ಕಟ್ಟಿಕೊಂಡು ಓಡಿಸಿದ ಹಾಗೆ. ಆಮೇಲೆ ಎಕ್ಸಿಟ್ ಬಂದೇಬಿಟ್ಟಿತು ಎಂದು ಮೂರನೇ ಲೇನಿನಿಂದ ಎಡಕ್ಕೆ ಒಂದೇ ಏಟಿಗೆ ಬರುತ್ತಾರೆ. ತಪ್ಪಿ ಮುಂದೆ ಹೋದವರು ಅಂಚಿನಲ್ಲಿ ರಿವರ್ಸ್ ಬರುತ್ತಾರೆ. ಎಕ್ಸ್‌ಪ್ರೆಸ್‌ವೇಯಲ್ಲಿ ರಿವರ್ಸ್! ಕಳೆದ ವಾರ ಖೋಪೋಲಿ ಹತ್ತಿರ ನನ್ನ ಎದುರಿಗೇ. ಹಿಂದಿನ ಗಾಜಿನಲ್ಲಿ ‘ಮಗು ಇದೆ’ ಎಂಬ ಸ್ಟಿಕ್ಕರ್ ಬೇರೆ.

ಪುಣೆ ಕಡೆ ಇದಕ್ಕಿಂತ ಭಯ ಹುಟ್ಟಿಸುವುದು ಕಾತ್ರಜ್ ಸುರಂಗದಿಂದ ನವಲೆ ಸೇತುವೆವರೆಗಿನ ಇಳಿಜಾರು. 2022ರ ನವೆಂಬರ್‌ನಲ್ಲಿ ಅಲ್ಲಿ ಒಂದು ಭಾರಿ ವಾಹನ ಹಿಡಿತ ತಪ್ಪಿ ಸುಮಾರು 48 ವಾಹನಗಳನ್ನು ಜಜ್ಜಿದ್ದು ನೆನಪಿರಬೇಕು. ನಿಮ್ಮ ಹಿಂದೆ ಬ್ರೇಕ್ ಬಿಸಿಯಾದ ಲಾರಿ ಬರುತ್ತಿದೆ, ನೀವು ‘ಸಿಂಹಗಡ ರಸ್ತೆಗೆ ಇಲ್ಲೇ ಇಳಿಯಬೇಕಾ’ ಎಂದು ಬ್ರೇಕ್ ಒತ್ತಿ ಫೋನ್ ನೋಡುತ್ತೀರಿ. ಯೋಚಿಸಿ ನೋಡಿ. ಎಕ್ಸಿಟ್ ತಪ್ಪಿದರೆ ತಪ್ಪಲಿ, ಮುಂದಿನದರಲ್ಲಿ ಇಳಿದು ತಿರುಗಿ. ಹೆಚ್ಚೆಂದರೆ ಹದಿನೈದು ನಿಮಿಷ.

ಪುಣೆಯ ಚಾಂದನಿ ಚೌಕದ್ದು ಹೇಳುವುದೇ ಬೇಡ. ಹಳೆ ಸೇತುವೆ 2022ರ ಅಕ್ಟೋಬರ್‌ನಲ್ಲಿ ಉರುಳಿಸಿದರು, 2023ರ ಆಗಸ್ಟ್‌ನಲ್ಲಿ ಹೊಸದು ತೆರೆಯಿತು. ಅಷ್ಟೂ ರ‍್ಯಾಂಪುಗಳ ನಡುವೆ ಬಾವಧನ್‌ಗೆ ಹೋಗಬೇಕಾದ ನಾನು ಮೊದಲ ವಾರ ಎರಡು ಸಲ ಕೋಥ್ರೂಡ್ ನೋಡಿಬಂದೆ.


ಕೋಥ್ರೂಡ್ ಬೈಕು

ನಾ ಕಲಬುರಗಿ ಕಡೆಯವ. ಊಟದ ಪಾರ್ಸಲ್ ಒಯ್ಯೋ ಕೆಲಸ. ನಿಮ್ಮೆಲ್ಲಾರ ಮಾತು ಕಾರಿನವರ ಮಾತು.

ನಾ ಒಂದು ದಿನಕ್ಕ ಮ್ಯಾಪ್ ನೋಡೋದು ಎಷ್ಟು ಸಲ ಅಂತ ಲೆಕ್ಕ ಇಟ್ಟಿಲ್ಲ. ಫೋನ್ ಹ್ಯಾಂಡಲ್ ಮ್ಯಾಲೆ, ಮಳಿ ಬಂದ್ರ ಪ್ಲಾಸ್ಟಿಕ್ ಚೀಲದಾಗ, ಚೀಲದ ಮ್ಯಾಲೆ ಹನಿ ಬಿದ್ದು ಬೆರಳು ಒತ್ತಿದ್ರ ಮ್ಯಾಪ್ ಎಲ್ಲಿಂದ ಎಲ್ಲಿಗೋ ಹಾರ್ತದ. ನಿಂತು ನೋಡು ಅಂತೀರಿ. ನಿಂತ್ರ ವೇಳೆ ಹೋಗ್ತದ, ಅಲ್ಲಿ ಗಿರಾಕಿ ಫೋನಿನಾಗ ನನ್ನ ಬೈಕು ಚುಕ್ಕಿಯಾಗಿ ಕಾಣ್ತಿರತದ, ‘ಯಾಕ ನಿಂತಾನ ಇವ’ ಅಂತ ಕರೆ ಬರ್ತದ.

ಮತ್ತ ಒಂದು ಖರೆ ಹೇಳ್ಲಾ? ನಾ ರಾಂಗ್ ಸೈಡ್ ಹೋಗೂದು ಮ್ಯಾಪ್ ಹೇಳಿದ್ದಕ್ಕಲ್ಲ. ಮ್ಯಾಪ್ ಲಕ್ಷ್ಮೀ ರೋಡ್ ಒನ್‌ವೇ ಅಂತ ಸುತ್ತು ಹಾಕಿಸ್ತದ. ಆ ಸುತ್ತು ಬ್ಯಾಡ ಅಂತ ನಾನೇ ಅದರ ಮಾತು ಕೇಳೂದಿಲ್ಲ. ಮ್ಯಾಪ್ ತಪ್ಪು ಹೇಳಿದಾಗ ಕಣ್ಣು ಮುಚ್ಚಿ ನಂಬ್ತೀವಿ, ಸರಿ ಹೇಳಿದಾಗ ನಾವೇ ಶಾಣ್ಯಾ ಆಗ್ತೀವಿ.

ನನ್ನ ತಮ್ಮ ಊರಿಂದ ಬಂದ ಹೊಸದರಾಗ ಬೈಕಿನ ಮ್ಯಾಲೆ ಮುಂಬೈಗೆ ಹೊಂಟು ಎಕ್ಸ್‌ಪ್ರೆಸ್‌ವೇ ಹತ್ತಿದ್ದ. ಅಲ್ಲಿ ಬೈಕ್ ಬಿಡೂದಿಲ್ಲ ಅಂತ ಅವ್ಗ ಗೊತ್ತಿಲ್ಲ. ಮ್ಯಾಪಿನಾಗ ಕಾರಿನ ಚಿತ್ರ ಒತ್ತಿದ್ದ, ಬೈಕಿನ ಚಿತ್ರ ಬಾಜೂಕ ಇತ್ತು. ಪೊಲೀಸ್ರು ಹಿಡದ್ರು, ದಂಡ ಕಟ್ಟಿದ. ಹಿಡದದ್ದ ಚಲೋ ಆತು.


ಡೊಂಬಿವಲಿ ಕರಾವಳಿ

ಬೈಕಿನವರ ಮಾತು ಮುಖ್ಯ ಉಂಟು. ಮುಂಬೈನಲ್ಲಿ ಬಾಂದ್ರಾ–ವರಳಿ ಸೀ ಲಿಂಕ್, ಅಟಲ್ ಸೇತು, ಕೋಸ್ಟಲ್ ರೋಡ್ ಮೂರಕ್ಕೂ ಬೈಕ್ ಹೋಗುವ ಹಾಗಿಲ್ಲ. ದ್ವಿಚಕ್ರದ ಆಯ್ಕೆ ಮ್ಯಾಪಿನಲ್ಲಿ 2017ರಿಂದಲೇ ಉಂಟು. ಊರಿಂದ ಹೊಸತಾಗಿ ಬರುವ ಹುಡುಗರಿಗೆ ನಾವು ಹೋಟೆಲಿನಲ್ಲಿ ಮೊದಲ ದಿನ ಇದನ್ನು ಹೇಳುತ್ತೇವೆ. ಎರಡನೇ ದಿನ ಚಹಾ ಮಾಡುವುದು.


ಫೋಂಡಾ ಬಾಡಿಗಿ ಗಾಡಿ

ಚಹಾ ಅಂದ್ರ ನೆನಪಾತು. ಚೋರ್ಲಾ ಇಳಿಯೂ ಮೊದಲ ಕಣಕುಂಬಿಯಾಗ ನಿಂತು ಚಹಾ ಕುಡೀರಿ. ಚಹಾಕ್ಕಲ್ಲ, ಕೆಳಗಿಂದ ಘಾಟ್ ಹತ್ತಿ ಬಂದ ಡ್ರೈವರ್‌ಗಳು ಅಲ್ಲೇ ನಿಂತಿರ್ತಾರ. ‘ಘಾಟ್ ಹೆಂಗದ’ ಅಂದ್ರ ಮಂಜು ಎಷ್ಟದ, ಮರ ಬಿದ್ದದೇನು, ಲಾರಿ ಸಿಕ್ಕೊಂಡದೇನು ಎಲ್ಲಾ ಹೇಳ್ತಾರ. ಅರ್ಧ ತಾಸಿನ ಹಿಂದ ಕಣ್ಣಿಲೆ ಕಂಡದ್ದು.


ಮೇಲ್ವಿಚಾರಕ

ಕಣಕುಂಬಿ ಚಹಾಕ್ಕೆ ಬೇರೆ ಎಳೆ ಇದೆ, ಅಲ್ಲಿ ಈಗಾಗಲೇ ಮಿರ್ಚಿ ಭಜಿ ಜಗಳ ನಡೀತಿದೆ. ಇಲ್ಲಿ ರಸ್ತೆ ವಿಷಯ ಮಾತ್ರ.


ವಾಕಡ್ ಧಾರವಾಡಿ

ಎಲ್ಲಾ ಓದಿದೆ. ಅಜ್ಜಾರ, ಹೆಡ್‌ಲೈಟ್ ಮಾತು ಎದಿಗೆ ಹತ್ತಿತು. ನನ್ನ ಮಟ್ಟಿಗೆ ತಪ್ಪು ನಂದೇ, ಇನ್ನ ವಾದ ಮಾಡೂದಿಲ್ಲ. ಬರೇಲಿಯವರದು ಬ್ಯಾರೆ, ಅವ್ರಿಗೆ ಅನುಮಾನ ಪಡೂ ಅವಕಾಶನ ಯಾರೂ ಕೊಡಲಿಲ್ಲ. ನನಗ ಎರಡು ಸಲ ಸಿಕ್ಕಿತ್ತು.

ನಕ್ಷೆಗೆರೆ ಮೇಡಂ ಬರದ ‘ಅನ್ಸುತ್ತೆ’ ಮಾತು ಹೆಂಡತಿಗೆ ಓದಿ ಹೇಳಿದೆ. ಆಕಿ ಅಂದ್ಲು, ‘ಅವತ್ತು ನಾನೂ ಅಂದಿದ್ದೆ, ಯಾಕೋ ಇದು ರಸ್ತೆ ಅಲ್ಲ ಅನಸ್ತದ ಅಂತ. ನೀವು ಮ್ಯಾಪ್ ತೋರಿಸಿದ್ರಿ.’ ನನಗ ಆ ಮಾತು ಕೇಳಿದ್ದು ನೆನಪೇ ಇಲ್ರಿ. ಆಕಿ ಸುಳ್ಳು ಹೇಳೂದಿಲ್ಲ. ಅಂದ್ರ ಅನುಮಾನ ಎರಡಲ್ಲ, ಮೂರು ಸಲ ಬಂದಿತ್ತು. ಮೂರನೇದು ಬಾಜೂ ಸೀಟಿನಿಂದ.

ಈಗ ಮನ್ಯಾಗ ಹೊಸಾ ಕಾನೂನು. ಫೋನ್ ಆಕಿ ಕೈಯಾಗ, ದನಿ ಚಾಲೂ, ಮಗಳು ಎದ್ರೂ ಏಳಲಿ. ಆಕಿ ‘ನಿಲ್ಸು’ ಅಂದ್ರ ಮೊದಲ ನಿಲ್ಲಿಸೂದು, ಆಮೇಲೆ ಯಾಕ ಅಂತ ಕೇಳೂದು. ಹೋದ ವಾರ ಮುಳಶಿ ಕಡೆ ಹೋದಾಗ ನಾಕು ಸಲ ನಿಲ್ಸು ಅಂದ್ಲು. ಅದರಾಗ ಮೂರು ಬಟಾಟೆವಡಾ ಅಂಗಡಿ.


ಶಿವಾಜಿನಗರ ಕರಿಕೋಟು

ಪಕ್ಕದ ಸೀಟಿನವರ ಮಾತು ಕೇಳದ ಸಾಕ್ಷ್ಯ ಇಲ್ಲಿ ಲಿಖಿತವಾಗಿ ಕೊಟ್ಟಿದ್ದೀರಿ. ವಕೀಲನಾಗಿ ಸಲಹೆ: ಆ ಪೋಸ್ಟ್ ಅಳಿಸಿಬಿಡಿ.


ನಕ್ಷೆಗೆರೆ

ಅಳಿಸಬೇಡಿ, ಇಲ್ಲೇ ಇರಲಿ. ಒಂದು ಸಣ್ಣ ಕೆಲಸ ಮಾತ್ರ ಮಾಡಿ. ಆ ಫೆರಿ ಕಟ್ಟೆಯಲ್ಲಿ ರಾತ್ರಿ ನಿಮಗೆ ಗೊಂದಲ ಆಯಿತು ಎಂದು ಆ್ಯಪ್‌ನಲ್ಲೇ ವರದಿ ಹಾಕಿ, ಫೋಟೋ ಸಮೇತ. ಹತ್ತು ಜನ ಹಾಕಿದರೆ ಒಳಗೆ ಕೂತವರು ಒಬ್ಬರಾದರೂ ತೆರೆದು ನೋಡುತ್ತಾರೆ. ನಾನು ನೋಡುತ್ತಿದ್ದೆ.


ವಾಕಡ್ ಧಾರವಾಡಿ

ಹಾಕ್ತೀನ್ರಿ. ಬರೋ ಶನಿವಾರ ಮತ್ತ ದಿವಾರ್‌ಗೇ ಹೊಂಟೀವಿ, ಗೆಳತಿ ಮಗೀನ ನಾಮಕರಣ. ಹಳೆ ಗೋವಾ ಮುಟ್ಟೂದ್ರೊಳಗ ಮತ್ತ ಕತ್ತಲ ಆಗಬಹುದು. ಫೋಂಡಾದವ್ರ, ಗೆರಿ ಬ್ಯಾಡ, ಬಾಯಿಲೆ ದಾರಿ ಹೇಳ್ರಿ.


ಫೋಂಡಾ ಬಾಡಿಗಿ ಗಾಡಿ

ನೀವು ಸಾಂಖಳಿ ಕಡಿಂದ ಬರ್ತೀರಿ ಅಂದ್ರ ನಾರ್ವೆ ಫೆರಿನೂ ಅದ, ಆದ್ರ ರಾತ್ರಿ ಹೊಸಬ್ರಿಗೆ ಬ್ಯಾಡ. ಹಳೆ ಗೋವಾನ ಇರಲಿ, ಮಂದಿ ಇರ್ತಾರ.

ಚರ್ಚ್ ದಾಟಿ ಕಮಾನು ಕಂಡ ಕೂಡ್ಲೆ ಎರಡನೇ ಗೇರಿಗೆ ಬರ್ರಿ. ಕಮಾನಿನ ಆಚೆ ಗಾಡಿ ಸಾಲು ನಿಂತಿದ್ರ ಚಿಂತಿ ಇಲ್ಲ, ಸಾಲಿನ ಬಾಲಕ್ಕ ನಿಂದ್ರಿ. ಸಾಲು ಇಲ್ಲಂದ್ರ ಹುಷಾರ್. ಫೆರಿ ಈಗಷ್ಟ ಎಲ್ಲಾ ಗಾಡಿ ತುಂಬಿಕೊಂಡು ಆಚೆ ದಂಡಿಗೆ ಹೋಗೇದ ಅಂತ ಅರ್ಥ, ಮುಂದ ಕಟ್ಟೆ ಖಾಲಿ ಇರ್ತದ. ಮ್ಯಾಲೆ ಸಪಾಟ ಜಾಗದಾಗ ಗಾಡಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೀರಿ, ಇಳದು ಹೋಗಿ ನೋಡ್ರಿ. ನೀಲಿ ರೇನ್‌ಕೋಟಿನವ ಇದ್ರ ನನ್ನ ಹೆಸರು ಹೇಳ್ರಿ, ಇಬ್ರೂ ಗುರುತಿನವ್ರು. ಅವ್ಗ ಒಂದು ಪುಡಿಕಿ ಧಾರವಾಡ ಪೇಢಾ ತಂದುಕೊಡ್ರಿ.